ಮೊದಲ ಪರಸಿಯ ಮೇಲೆ ಒಂದು ಹನಿ

ಈ ಬರಹದ ಮೊದಲ ಮಾತು ನೀರಿಗೇ ಸಲ್ಲಬೇಕು. ಬೆಳಗಿನ ಸ್ನಾನಕ್ಕೆ, ಸಂಧ್ಯೆಯ ಆಚಮನಕ್ಕೆ, ದೇವರ ಅಭಿಷೇಕಕ್ಕೆ ಬೊಗಸೆಗೆ ಬಂದ ತಾಯಿಯೇ ಮಧ್ಯಾಹ್ನದ ಹೊತ್ತಿಗೆ ನನ್ನ ಗಾಜಿನ ನಳಿಕೆಯೊಳಗೆ ಇಳಿದು, ಬಣ್ಣ ತಾಳಿ, ನನ್ನ ಮನೆಯ ಒಲೆ ಉರಿಯುವಂತೆ ಮಾಡಿದಳು. ಅವಳಿಗೆ ನಮಸ್ಕಾರ. ಎಳವೆಯಲ್ಲಿ ಬೀದರ ಕಡೆಯ ಪಾಠಶಾಲೆಯೊಂದರಲ್ಲಿ, ಕಲಿತ ಪದವನ್ನು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಹೇಳಿಸಿ, ನಾಲಗೆಯನ್ನೂ ನೆನಪನ್ನೂ ಒಟ್ಟಿಗೆ ಶಂಕಿಸುವುದನ್ನು ಕಲಿಸಿದ ಗುರುಗಳಿಗೆ ನಮಸ್ಕಾರ. ನನ್ನನ್ನು ನಂಬಿ ಹಿತ್ತಲ ಬಾಗಿಲು ತೆರೆದ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಮನೆಗಳಿಗೆ ನಮಸ್ಕಾರ. ನಂಬದೆ ನನ್ನ ಬೆನ್ನ ಹಿಂದೆಯೇ ನಿಂತು ನೋಡಿದವರಿಗೂ ನಮಸ್ಕಾರ. ಈ ಎರಡನೆಯವರಿಂದ ನಾನು ಹೆಚ್ಚು ಕಲಿತೆ.

ಮನೆಯ ಈಜುಕೊಳದ ನೀರನ್ನು ಪರೀಕ್ಷಿಸಿ ಹದಕ್ಕೆ ತರುವುದು ನನ್ನ ವೃತ್ತಿಯಾಗಿತ್ತು ಎಂದರೆ ಈಗಲೂ ಕೆಲವರು ನಗುತ್ತಾರೆ. ಜೋಳ, ತೊಗರಿ ಬೆಳೆಯುವ ನಮ್ಮ ಸೀಮೆಯಲ್ಲಿ ಈಜುಕೊಳ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಹೆದ್ದಾರಿಯ ಬದಿಗೆ ತೋಟದ ಮನೆಗಳು ಎದ್ದವು. ಮನೆಯ ಮುಂದೆ ಹುಲ್ಲುಹಾಸು ಬಂತು. ಹಿಂದೆ ಕೊಳ ಬಂತು. ನಮ್ಮ ಜನ ಅದನ್ನು ಹೌಜು ಎಂದೇ ಕರೆದರು. ಕೊಳ ಕಟ್ಟುವವರು ಕಟ್ಟಿ ಹೋಗುತ್ತಾರೆ. ಅದರಲ್ಲಿ ನಿಂತ ನೀರು ಪ್ರತಿದಿನ ಬಿಸಿಲು, ಧೂಳು, ಬೆವರು, ಎಲೆಗಳನ್ನು ನುಂಗುತ್ತ ಕೆಡುವುದಕ್ಕೆ ಕಾಯುತ್ತಿರುತ್ತದೆ. ಕೆಡದಂತೆ ಅದಕ್ಕೆ ಕ್ಲೋರಿನ್ ಬೇಕು. ಕ್ಲೋರಿನ್ ಕೆಲಸ ಮಾಡಬೇಕಾದರೆ ಆಮ್ಲಕ್ಷಾರಗಳ ಅಳತೆಯಾದ ಪಿಎಚ್ ಏಳೂವರೆಯ ಆಸುಪಾಸಿನಲ್ಲಿರಬೇಕು. ಅದು ಇಳಿದರೆ ಕಣ್ಣು ಉರಿಯುತ್ತದೆ, ಲೋಹ ಸವೆಯುತ್ತದೆ. ಏರಿದರೆ ಹಾಕಿದ ಕ್ಲೋರಿನ್ ಮಂಕಾಗುತ್ತದೆ, ಗೋಡೆಗೆ ಬಿಳಿಯ ಪೊರೆ ಕಟ್ಟುತ್ತದೆ. ಏರಿದ್ದನ್ನು ಇಳಿಸಲು ಆಸಿಡ್ ಹಾಕುತ್ತೇವೆ. ಇಷ್ಟೇ ವಿದ್ಯೆ. ಉಳಿದದ್ದೆಲ್ಲ ಶಂಕೆ.

ಈ ಶಂಕೆಯ ದೀಕ್ಷೆಯನ್ನು ನನಗೆ ಕೊಟ್ಟವರು ಮೊಹಿಯುದ್ದೀನ್ ಸಾಹೇಬರು. ಕಾರ್ಖಾನೆಯೊಂದರ ಬಾಯ್ಲರ್ ನೀರನ್ನು ಪರೀಕ್ಷಿಸುತ್ತಿದ್ದ ನನ್ನನ್ನು ನಡುವಯಸ್ಸಿನಲ್ಲಿ ಕರೆದು, ಜಹೀರಾಬಾದಿನ ತಮ್ಮ ಚಿಕ್ಕ ಅಂಗಡಿಯಲ್ಲಿ ಕೂರಿಸಿಕೊಂಡರು. ಅವರು ಐದು ಹೊತ್ತಿನ ನಮಾಜಿನವರು, ನಾನು ಮೂರು ಹೊತ್ತಿನ ಸಂಧ್ಯೆಯವನು. ನಮ್ಮಿಬ್ಬರ ನಡುವೆ ಕೆಲಸದ ಹೊತ್ತು ಹೇಗೋ ಉಳಿಯುತ್ತಿತ್ತು. ಮೊದಲ ದಿನವೇ ಕೊಳವೊಂದರ ದಡದಲ್ಲಿ ನಿಂತು, "ಎಷ್ಟು ತಿಳಿಯಾಗಿದೆ" ಎಂದು ನಾನು ಮೆಚ್ಚಿದ್ದಕ್ಕೆ ಅವರು ತಲೆಯಾಡಿಸಿ ಹೇಳಿದರು:

"ಶಾಸ್ತ್ರೀಜಿ, ತಿಳಿ ನೀರು ಅಂದ್ರ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ ಚೋರ ಇದ್ದಂಗ. ಮೊದಲ ಜೇಬು ನೋಡ್ರಿ, ಆಮ್ಯಾಲ ಸಲಾಂ ಮಾಡ್ರಿ."

ನಮ್ಮ ಜೊತೆಗೆ ತುಕಾರಾಮ ಎಂಬುವನು ಕೆಲಸ ಮಾಡುತ್ತಿದ್ದ. ಚುರುಕಿನ ಮನುಷ್ಯ, ಆದರೆ ಕಣ್ಣು ಕಂಡದ್ದನ್ನು ಹಾಗೆಯೇ ನಂಬುವವನು. ಗುತ್ತಿಗೆದಾರರೊಬ್ಬರ ತೋಟದ ಮನೆಯಲ್ಲಿ ಅವನು ಕ್ಲೋರಿನ್ ಪರೀಕ್ಷೆ ಮಾಡಿದ. ನಳಿಕೆಯ ನೀರಿಗೆ ಔಷಧದ ಹನಿ ಬಿದ್ದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗಬೇಕು, ತಿರುಗಲಿಲ್ಲ. ಕ್ಲೋರಿನ್ ಏನೂ ಇಲ್ಲವೆಂದು ತಿಳಿದು ಪುಡಿ ಸುರಿದ. ಮರುದಿನವೂ ಬಣ್ಣ ಬರಲಿಲ್ಲ, ಮತ್ತೆ ಸುರಿದ. ಕೆಲವೇ ದಿನಗಳಲ್ಲಿ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತ ಮನೆಯೊಡತಿಯ ಸೀರೆಯ ಅಂಚು ಒಲೆಯ ಬೂದಿಯಂತೆ ಬೆಳ್ಳಗಾಯಿತು. ಆಕೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ.

ಸಾಹೇಬರು ಬಂದು, ಕೊಳದ ಒಂದು ಚಮಚ ನೀರನ್ನು ಕುಡಿಯುವ ನೀರಿನ ಲೋಟಕ್ಕೆ ಬೆರೆಸಿ, ಅದಕ್ಕೆ ಹನಿ ಹಾಕಿದರು. ಲೋಟ ಕಡು ಗುಲಾಬಿಯಾಯಿತು.

"ಬಣ್ಣ ಬರಲಿಲ್ರಿ ಸಾಬ್, ನಾ ಏನ್ ಮಾಡ್ಲಿ?" ಎಂದ ತುಕಾರಾಮ.

"ಬಂದಿತ್ತೋ ತುಕ್ಕ್ಯಾ. ಬಂದು ಸತ್ತಿತ್ತು. ಕ್ಲೋರಿನ್ ಅಷ್ಟು ಜಾಸ್ತಿ ಆಗಿ ಬಣ್ಣಾನೇ ತಿಂದು ಕೂತದ. ನಿನಗ ಹೆಣ ಸುದ್ದಾ ಸಿಗಲಿಲ್ಲ."

ಈ ವೃತ್ತಿಗೆ ಬರುವ ಕಿರಿಯರು ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು. ಏನೂ ಇಲ್ಲವೆಂದು ತೋರಿಸುವ ಪರೀಕ್ಷೆ ಎಲ್ಲಕ್ಕಿಂತ ಹೆಚ್ಚು ಶಂಕಾರ್ಹವಾದುದು. ನೀರನ್ನು ತೆಳುವಾಗಿಸಿ ಇನ್ನೊಮ್ಮೆ ನೋಡದೆ ಪುಡಿಯ ಡಬ್ಬಿಗೆ ಕೈ ಹಾಕಬೇಡಿ.

ನಾನು ಸೇರಿದ ಕಾಲದಲ್ಲಿ ಬಣ್ಣದ ಗಾಜುಗಳನ್ನು ಜೋಡಿಸಿದ ಪೆಟ್ಟಿಗೆಯೊಂದಿತ್ತು. ನಳಿಕೆಯನ್ನು ಅದರ ಪಕ್ಕದಲ್ಲಿ ಹಿಡಿದು, ಸೂರ್ಯನಿಗೆ ಬೆನ್ನು ಕೊಟ್ಟು, ಬಣ್ಣಕ್ಕೆ ಬಣ್ಣ ಹೋಲಿಸುತ್ತಿದ್ದೆವು. ಆಮೇಲೆ ಕಾಗದದ ಪಟ್ಟಿಗಳು ಬಂದವು. ಒದ್ದೆ ಬೆರಳಿನಿಂದ ಡಬ್ಬಿಯ ಒಳಗೆ ಕೈಯಿಟ್ಟರೆ ಸಾಕು, ಉಳಿದ ಪಟ್ಟಿಗಳೆಲ್ಲ ಅಂದೇ ಸುಳ್ಳು ಹೇಳಲು ಕಲಿತುಬಿಡುತ್ತಿದ್ದವು. ಈಗ ಪೆನ್ನಿನಂತಹ ಯಂತ್ರವಿದೆ. ನೀರಿಗೆ ಅದ್ದಿದರೆ ದಶಮಾಂಶದ ಸಮೇತ ಅಂಕಿ ತೋರಿಸುತ್ತದೆ. ಅಳತೆ ಗೊತ್ತಿರುವ ದ್ರಾವಣದಲ್ಲಿ ಆಗಾಗ ನಿಲ್ಲಿಸಿ ಸರಿಪಡಿಸದಿದ್ದರೆ ಅದು ತೋರುವ ದಶಮಾಂಶ ಬರೀ ಅಲಂಕಾರ. ಯಂತ್ರವನ್ನು ನಾನು ದ್ವೇಷಿಸಲಿಲ್ಲ. ಅದರ ಅಂಕಿಯನ್ನು ಹನಿಯ ಬಣ್ಣದೊಂದಿಗೆ ತಾಳೆ ನೋಡಿದ ಮೇಲೆಯೇ ಬಾಯಿ ತೆರೆಯುತ್ತಿದ್ದೆ.

ಆದರೆ ನೀರಿಗಿಂತ ಮೊದಲು ಶಂಕೆಗೆ ಗುರಿಯಾಗುವವರು ಮನುಷ್ಯರು. ಇದನ್ನು ನಾರಾಯಣಖೇಡದಲ್ಲಿ ಕಂಡೆ. ಕಂಗ್ಟಿಗೆ ಹೋಗುವ ದಾರಿಯ ಮೇಲೆ ಇಬ್ಬರು ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡಿದ್ದರು. ಕೊಳ ಅಣ್ಣನ ಪಾಲಿನಲ್ಲಿತ್ತು. ನೀರಿನ ಬೋರು ತಮ್ಮನ ಪಾಲಿನಲ್ಲಿತ್ತು. ಹೊಸ ಕೊಳಕ್ಕೆ ನೀರು ತುಂಬಿಸಿ ಕ್ಲೋರಿನ್ ಹಾಕಿದ ಕೂಡಲೇ ನೀರೆಲ್ಲ ಚಹದ ಬಣ್ಣಕ್ಕೆ ತಿರುಗಿತು. ಸಾಲದ್ದಕ್ಕೆ ಬೋರಿನ ಕಟ್ಟೆಯ ಬಳಿ ಕುಂಕುಮ ಹಚ್ಚಿದ ನಿಂಬೆಹಣ್ಣೂ ಸಿಕ್ಕಿತು. ಅಣ್ಣ ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು:

"ಶಾಸ್ತ್ರಿಗೋಳೇ, ಅವ ಏನೋ ಕಲಸ್ಯಾನ್ರಿ. ನೀರಾಗ ಮಾಟ ಅದನೋ, ಮದ್ದದನೋ, ಅಷ್ಟು ನೋಡಿ ಹೇಳ್ರಿ."

ನಿಂಬೆಹಣ್ಣು ತಮ್ಮನ ಹೆಂಡತಿ ಗಂಗೆಯ ಪೂಜೆಗೆ ಇಟ್ಟದ್ದು. ನಾನು ಬೋರಿನ ಬಾಯಿಯಿಂದಲೇ ನೀರು ಹಿಡಿದು, ಬಿಳಿಯ ತಟ್ಟೆಗೆ ಸುರಿದು, ಅಣ್ಣನ ಎದುರಿಗೇ ಕ್ಲೋರಿನ್ ಹನಿಸಿದೆ. ನೋಡನೋಡುತ್ತ ತಟ್ಟೆ ಕಂದಾಯಿತು. ಅಲ್ಲಿನ ಕೆಂಪು ನೆಲದ ಕಬ್ಬಿಣ ನೀರಿನಲ್ಲಿ ಕರಗಿ, ಕಣ್ಣಿಗೆ ಬೀಳದೆ ಬಂದಿತ್ತು. ಕ್ಲೋರಿನ್ ತಾಗಿದೊಡನೆ ತುಕ್ಕಾಗಿ ಹೊರಬಿದ್ದಿತು.

"ಹಂಗಾದ್ರ ತಮ್ಮ ಏನೂ ಹಾಕಿಲ್ಲಂತೀರಿ?"

"ಇಲ್ಲ. ಇದು ಭೂಮಿಯ ಕೆಲಸ."

ಅವರು ತಟ್ಟೆಯನ್ನು ಅಲುಗಿಸಿ ನೋಡಿ ಅಂದರು: "ಆ ಭೂಮಿ ಸುದ್ದಾ ಅವನ ಪಾಲಿಂದೇ ಅಲ್ರೀ!"

ನಕ್ಕು ಹಿಂದಿರುಗಿದೆ. ಮುಂದೆ ತಾಂಡೂರಿನಲ್ಲಿ ಇಂಥದೇ ಶಂಕೆ ಎದುರಾದಾಗ ನಗು ಬರಲಿಲ್ಲ. ಅಲ್ಲಿ ಒಬ್ಬ ಮನುಷ್ಯನ ಹೆಸರು ತಕ್ಕಡಿಯಲ್ಲಿತ್ತು.

ತಾಂಡೂರಿನಿಂದ ಕರಣಕೋಟದ ಕಡೆಗೆ ಹೋಗುವಾಗ ದಾರಿಯ ಬದಿಗೆ ಶಿವರಾಜಪ್ಪನವರ ಮನೆ. ನೆಲಕ್ಕೆ ಹಾಸುವ ಚಪ್ಪಡಿ ಕಲ್ಲಿನ ವ್ಯಾಪಾರ ಅವರದು. ಆ ಕಲ್ಲಿಗೆ ನಮ್ಮ ಕಡೆ ಪರಸಿ ಎನ್ನುತ್ತಾರೆ. ಅವರ ತಾತ ಸುತ್ತಿಗೆ ಹಿಡಿದು ಮೊದಲ ಖಣಿ ತೆರೆದವರು, ತಂದೆ ಅದನ್ನು ಬೆಳೆಸಿದವರು. ಆ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಖಣಿ ತೆರೆದಾಗ ಮೊದಲು ಮೇಲೆತ್ತಿದ ಪರಸಿಯನ್ನು ಮಾರುತ್ತಿರಲಿಲ್ಲ. ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಮನೆಗೆ ತರುತ್ತಿದ್ದರು. ತಾತನ ಕಾಲದಿಂದ ಹಾಗೆ ಕೂಡಿದ ಮೊದಲ ಪರಸಿಗಳು ಹಳೆಯ ಮನೆಯ ಪಡಸಾಲೆಯಲ್ಲಿದ್ದವು. ಹೊಸ ಮನೆ ಕಟ್ಟಿದಾಗ ಶಿವರಾಜಪ್ಪನವರು ಅವನ್ನು ಎಬ್ಬಿಸಿ, ಮೊಮ್ಮಕ್ಕಳು ಹಿರಿಯರ ಕಲ್ಲಿನ ಮೇಲೆಯೇ ಆಡಲಿ ಎಂದು, ಕೊಳದ ತಳಕ್ಕೆ ಹಾಸಿಸಿದ್ದರು. ಅವು ಸಾಲದೆ ಹೋದಾಗ ಸುತ್ತಲಿನ ಗೋಡೆಗೆ ತಮ್ಮ ಖಣಿಯ ಕಲ್ಲನ್ನೇ ಕೂರಿಸಿದ್ದರು. ಕೊಳಕ್ಕೆ ಹೊಳಪಿನ ಟೈಲ್ಸ್ ಹಾಕಬಾರದೇ ಎಂದು ಯಾರೋ ಕೇಳಿದ್ದಕ್ಕೆ, "ಪರಸಿಯವರ ಮನ್ಯಾಗ ಟೈಲ್ಸ್ ಕಂಡ್ರ ಊರು ನಗ್ತದ" ಎಂದಿದ್ದರಂತೆ. ಕಲ್ಲಿಗೆ ನೀರು ತಾಗದಂತೆ ಲೇಪ ಹಚ್ಚಿಸಿದ್ದರು. ಮೊದಲ ವರ್ಷ ಎಲ್ಲವೂ ಸರಿಯಾಗಿತ್ತು.

ನನ್ನನ್ನು ಕರೆಸಿದಾಗ ಸರಿಯಿರಲಿಲ್ಲ. ಪಿಎಚ್ ಏರುತ್ತಿತ್ತು. ಆಸಿಡ್ ಹಾಕಿ ಇಳಿಸಿದರೆ ಮುಂದಿನ ಭೇಟಿಯ ಹೊತ್ತಿಗೆ ಮತ್ತೆ ಏರಿರುತ್ತಿತ್ತು. ಗೋಡೆಗೆ ಬಿಳಿಯ ಪೊರೆ ಕಟ್ಟಿ, ಕೊಳದಲ್ಲಿ ಆಡಿದ ಮೊಮ್ಮಗಳ ಅಂಗಾಲು ತರಚಿತ್ತು. ನಾನು ನನ್ನ ಕ್ರಮದಂತೆ ಶಂಕಿಸಿದೆ. ಮೊದಲು ನನ್ನ ಹನಿಯ ಶೀಶೆಯನ್ನೇ ಶಂಕಿಸಿ ಹೊಸದನ್ನು ತಂದೆ, ಬಣ್ಣ ಅದೇ. ಕ್ಲೋರಿನ್ ಪುಡಿಗೂ ಪಿಎಚ್ ಏರಿಸುವ ಗುಣವಿದೆ, ಅದನ್ನು ಬಿಡಿಸಿ ಆ ಗುಣವಿಲ್ಲದ ಕ್ಲೋರಿನ್ ಬಿಲ್ಲೆಗೆ ಬದಲಾಯಿಸಿದೆ, ಪಿಎಚ್ ನಿಲ್ಲಲಿಲ್ಲ. ಬೋರಿನ ನೀರನ್ನು ಬೇರೆಯಾಗಿ ನೋಡಿದೆ. ಗಡಸಾಗಿತ್ತು, ಆದರೆ ಇಷ್ಟು ಹಟ ಅದಕ್ಕಿರಲಿಲ್ಲ.

ಶಿವರಾಜಪ್ಪನವರು ಇಷ್ಟೆಲ್ಲ ಸುತ್ತಿ ಬರಲಿಲ್ಲ. ಅವರ ಶಂಕೆ ನೇರವಾಗಿ ಸಾಬಣ್ಣನ ಮೇಲೆ ಹೋಗಿ ನಿಂತಿತು.

ಸಾಬಣ್ಣ ಆ ಮನೆಯ ಕಾವಲಿನವನು. ಧಾರೂರಿನ ಕಡೆಯ ಕುರಿ ಸಾಕುವ ಮನೆತನದವನು. ಅಣ್ಣಂದಿರು ಇಂದಿಗೂ ಕುರಿ ಹಿಂದೆ ನಡೆಯುತ್ತಾರೆ. ನಾನು ಹೇಳಿದ ಅಳತೆಯಂತೆ ಕೊಳಕ್ಕೆ ಆಸಿಡ್ ಹಾಕುವ ಕೆಲಸ ಅವನದಾಗಿತ್ತು. ತಾಂಡೂರಿನಲ್ಲಿ ಆಸಿಡ್‌ಗೆ ಗಿರಾಕಿಗಳಿಗೆ ಕೊರತೆಯಿಲ್ಲ. ಹೊಸದಾಗಿ ಹಾಸಿದ ನೆಲದ ಸಿಮೆಂಟ್ ಕಲೆ ತೆಗೆಯಲು ಕೆಲಸಗಾರರು ಅದನ್ನೇ ಬಳಸುತ್ತಾರೆ.

"ಕ್ಯಾನು ಖಾಲಿ ಆಗ್ತಾವ, ನೀರಿಗಿ ಮಾತ್ರ ಹತ್ತಂಗಿಲ್ಲ," ಎಂದರು ಶಿವರಾಜಪ್ಪನವರು, ಸಾಬಣ್ಣ ಕೇಳುವಂತೆಯೇ. "ಆಸಿಡ್ ಹೌಜಿಗಿ ಹೋಗ್ತದೋ, ಬಜಾರಕ್ಕ ಹೋಗ್ತದೋ? ಕ್ಯಾನಿನಾಗ ನೀರು ಬೆರಸಿ ನಮಗ ಹುಚ್ಚು ಹಿಡಸ್ಲಿಕತ್ಯಾನ."

"ಸಾವ್ಕಾರ್ರೀ, ನನ್ನ ಕೈ ನೋಡ್ರಿ," ಎಂದ ಸಾಬಣ್ಣ. ಆಸಿಡ್ ಹೊಗೆಗೆ ಅವನ ಬೆರಳ ಚರ್ಮ ಸಿಪ್ಪೆಯೆದ್ದಿತ್ತು.

"ಮಾರಾವನ ಕೈ ಸುದ್ದಾ ಹಂಗೇ ಸುಡ್ತದ."

ಖಣಿಯ ಆಳುಗಳ ಮೇಸ್ತ್ರಿಯಾದ ಮುಕದ್ದಮ ಅಲ್ಲಿಯೇ ನಿಂತಿದ್ದ. ಅಂದು ಸಂಜೆಯೊಳಗೆ ಈ ಮಾತು ಎಲ್ಲ ಖಣಿಗಳಿಗೂ ಮುಟ್ಟಿತು. ಶಿವರಾಜಪ್ಪನವರು ತೀರ್ಪನ್ನೂ ಅಲ್ಲಿಯೇ ಕೊಟ್ಟರು. ಬರುವ ಭಾನುವಾರ ಸಾಬಣ್ಣನ ಅಣ್ಣ ಅವರ ಮನೆದೇವರಾದ ಬೀರಪ್ಪನ ಭಂಡಾರ ತರಬೇಕು. ಸಾಬಣ್ಣ ಆ ಅರಿಶಿನದ ಪುಡಿ ಮುಟ್ಟಿ, ಕದ್ದಿಲ್ಲವೆಂದು ಎಲ್ಲರೆದುರು ಆಣೆ ಮಾಡಬೇಕು. ಇಲ್ಲವಾದರೆ ಕೆಲಸ ಬಿಟ್ಟು ಗಂಟು ಕಟ್ಟಬೇಕು.

ನಾನು ಹೊರಡುವಾಗ ಸಾಬಣ್ಣ ಗೇಟಿನವರೆಗೆ ಬಂದ. ನಿರಪರಾಧಿಯಾದರೆ ಆಣೆಗೆ ಏಕೆ ಅಂಜಬೇಕು ಎಂದು ಕೇಳಿದೆ. ಅವನ ಮುಖವನ್ನು ನಾನೂ ಪರೀಕ್ಷಿಸುತ್ತಿದ್ದೆ.

"ಆಣಿ ಮಾಡಾಕ ಅಂಜಿಕಿ ಇಲ್ರಿ ಶಾಸ್ತ್ರಿಗೋಳೇ. ಮಾಡಿದ ಮ್ಯಾಲ ಅಂಜಿಕಿ. ನಾಳಿ ನಮ್ಮಣ್ಣನ ಹಟ್ಟ್ಯಾಗ ಒಂದು ಕುರಿ ಸತ್ತರ ಏನಂತಾರ? ಸಾಬ್ಯಾ ಸುಳ್ಳಾಣಿ ಮಾಡ್ಯಾನ, ಬೀರಪ್ಪ ತೋರಿಸ್ಯಾನ ಅಂತಾರ. ಕುರಿ ಅಂದ ಮ್ಯಾಲ ಸಾಯಂಗಿಲ್ಲೇನ್ರಿ? ಮಗಳಿಗಿ ನೋಡಾಕ ಬರೋರು ಇದ್ದಾರ. ಆಣಿ ಮಾಡಿದಾವನ ಮಗಳು ಅಂದ್ರ ಯಾರ ಬರ್ತಾರ?"

ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆಗೆ ಬಂತು. ಆಣೆ ಮಾಡಿದರೂ ಅವನು ಗೆಲ್ಲುವುದಿಲ್ಲ. ಮುಂದಿನ ಪ್ರತಿಯೊಂದು ಕೇಡೂ ಅವನ ವಿರುದ್ಧ ಸಾಕ್ಷಿಯಾಗುತ್ತದೆ. ಅವನನ್ನು ಉಳಿಸುವುದಾದರೆ ಭಾನುವಾರದೊಳಗೆ, ಆ ಪುಡಿಗೆ ಅವನ ಬೆರಳು ತಾಗುವ ಮೊದಲೇ, ನಿಜ ಹೊರಬರಬೇಕು. ಅದು ಅವನ ವಿರುದ್ಧವೇ ಹೊರಬಂದರೂ ನಾನು ಹೇಳಲೇಬೇಕು. ಆ ರಾತ್ರಿಯ ಜಪದಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ ಎಂಬುದು ದೇವರಿಗೆ ಗೊತ್ತು.

ಮರುದಿನವೇ ಸಾಹೇಬರಿಗೆ ಹೇಳಿ ತಾಂಡೂರಿಗೆ ಮರಳಿದೆ. ಉಗ್ರಾಣದಲ್ಲಿದ್ದ ಬಳಕೆಯ ಕ್ಯಾನನ್ನು ಹೊರಗೆ ತರಿಸಿದೆ. ಅದರಲ್ಲಿರುವುದು ಹದವಾದ ಆಸಿಡ್ಡೋ, ನೀರು ಬೆರೆಸಿದ್ದೋ ಎಂದು ನೋಡುವುದು ನನ್ನ ಉದ್ದೇಶ. ಶಿವರಾಜಪ್ಪನವರ ತಾಯಿ ಗೌರಮ್ಮ ಕೊಳದ ಕಟ್ಟೆಯ ಮೇಲೆ ಜಪಸರ ಹಿಡಿದು ಕುಳಿತಿದ್ದರು. ನಾನು ಚೀಲದಿಂದ ನಳಿಕೆ ತೆಗೆಯುವಷ್ಟರಲ್ಲಿ ಶಿವರಾಜಪ್ಪನವರು ಕೈ ಅಡ್ಡ ಹಿಡಿದರು.

"ಅದೆಲ್ಲಾ ಯಾಕ್ರಿ? ನಮ್ಮ ಧಂದೇದಾಗ ಆಸಿಡ್ ಹ್ಯಾಂಗ ನೋಡ್ತೀವಿ ತೋರಿಸ್ತೀನಿ. ಅಸಲಿ ಇದ್ರ ಪರಸಿ ಮ್ಯಾಲ ಕುದೀತದ. ನೀರ ಬೆರಸಿದ್ದಿದ್ರ ಸುಮ್ಮನ ಮಲಗ್ತದ."

ಉಗ್ರಾಣದ ಬಾಗಿಲಿಗೆ ಉಳಿಕೆಯ ಪರಸಿಯೊಂದನ್ನು ಹಾಸಿತ್ತು. ಅವರೇ ಕಡ್ಡಿಯಿಂದ ಒಂದು ಹನಿ ಅದರ ಮೇಲೆ ಬಿಟ್ಟರು. ಹನಿ ಕಲ್ಲಿಗೆ ತಾಗಿದ್ದೇ ತಡ ಭುಸ್ಸೆಂದು ಬಿಳಿಯ ನೊರೆಯೆದ್ದು ಕುದಿಯಿತು.

ಸಾಬಣ್ಣ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಶಿವರಾಜಪ್ಪನವರು ಇನ್ನೊಂದು ಹನಿ ಬಿಟ್ಟರು, ಅದೂ ಕುದಿಯಿತು.

"ಅಸಲಿ ಅದ," ಎಂದರು ಒಲ್ಲದ ದನಿಯಲ್ಲಿ. ಕೂಡಲೇ, "ಇವತ್ತು ನೀವು ಬರ್ತೀರಂತ ಗೊತ್ತಾಗಿ ಹೊಸಾದು ತುಂಬ್ಯಾನ" ಎಂದರು.

ಆಗ ಗೌರಮ್ಮ ಜಪಸರ ನಿಲ್ಲಿಸಿ, ನೊರೆಯಾರಿ ಕಲ್ಲಿನ ಮೇಲೆ ಮೂಡಿದ್ದ ಬಿಳಿಯ ಕಲೆಯನ್ನು ನೋಡುತ್ತ ಕೇಳಿದರು: "ಯಪ್ಪಾ, ಇಲ್ಲಿ ಪರಸಿ ಆಸಿಡ್ ತಿಂತದ. ಹೌಜಿನಾಗ ಉಪವಾಸ ಕುಂಡರ್ತದೇನು?"

ಆಗ ನನಗೂ ಹೊಳೆಯಿತು, ಅಲ್ಲಿಯೇ ಎಲ್ಲರಿಗೂ ಬಿಡಿಸಿ ಹೇಳಿದೆ. ಪರಸಿ ಸುಣ್ಣದ ಜಾತಿಯ ಕಲ್ಲು. ಆಸಿಡ್ಡನ್ನು ಅದು ತಿನ್ನುತ್ತದೆ, ತಿಂದು ತಾನೂ ಕರಗುತ್ತದೆ, ಕರಗಿದ ಸುಣ್ಣ ನೀರಿನ ಪಿಎಚ್ ಏರಿಸುತ್ತದೆ. ಏರಿತೆಂದು ಮತ್ತೆ ಆಸಿಡ್ ಹಾಕುತ್ತೇವೆ. ಕಲ್ಲಿಗೆ ಮತ್ತೆ ಊಟ. ಗೋಡೆಯ ಮೇಲಿನ ಪೊರೆ ಆ ಸುಣ್ಣವೇ. ಲೇಪವಿದ್ದಷ್ಟು ದಿನ ಕಲ್ಲು ನೀರಿನಿಂದ ದೂರವಿತ್ತು. ದಿನವೂ ಬ್ರಶ್ಶಿನಿಂದ ಉಜ್ಜಿ ಉಜ್ಜಿ ಲೇಪ ಸವೆದದ್ದು ನೀರಿನಡಿಯಲ್ಲಿ ಕಾಣಿಸಿರಲಿಲ್ಲ. ಕೊಳದ ನೀರಿನಲ್ಲಿ ಆಸಿಡ್ ತೆಳುವಾಗಿರುವುದರಿಂದ ನೊರೆ ಏಳುವುದಿಲ್ಲ. ನೊರೆ ಕಾಣದ್ದರಿಂದ, ಮೂರು ತಲೆಮಾರು ಕಲ್ಲಿನಲ್ಲೇ ಬದುಕಿದ ಮನೆಯಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ತಳದಲ್ಲಿದ್ದದ್ದು ತಾತನ ಮೊದಲ ಪರಸಿ. ಅದನ್ನು ಶಂಕಿಸುವುದೂ ತಾತನನ್ನು ಶಂಕಿಸುವುದೂ ಅವರಿಗೆ ಒಂದೇ.

"ನಮ್ಮ ಹಿರೇರ ಕಲ್ಲಿನ ಮ್ಯಾಲ ಕಳ್ಳತನ ಹೊರಸ್ತೀರೇನ್ರಿ?" ಎಂದು ಶಿವರಾಜಪ್ಪನವರು ನನ್ನ ಮೇಲೆ ರೇಗಿದರು. "ಇವ ನಿಮಗೇನು ಕೊಟ್ಟಾನ?"

ಶಂಕೆ ಈಗ ನನ್ನ ಕಡೆಗೂ ತಿರುಗಿತು. ನಾನು ಬೇಸರಿಸಲಿಲ್ಲ, ಅವರ ಸ್ಥಾನದಲ್ಲಿದ್ದರೆ ನಾನೂ ಹಾಗೆಯೇ ಕೇಳುತ್ತಿದ್ದೆ. "ನನ್ನನ್ನೂ ನಂಬಬೇಡಿ, ಅವನನ್ನೂ ನಂಬಬೇಡಿ. ಭಾನುವಾರದವರೆಗೆ ನೀರಿಗೇ ಬಿಡಿ" ಎಂದೆ.

ಎರಡು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಒಂದೇ ಕೊಳದ ನೀರು ತುಂಬಿಸಿದೆವು. ಎರಡಕ್ಕೂ ಶಿವರಾಜಪ್ಪನವರೇ ತಮ್ಮ ಕೈಯಿಂದ ಸಮನಾಗಿ ಆಸಿಡ್ ಹಾಕಿ ಕಲಕಿದರು. ನಾನು ನಳಿಕೆಗೆ ನೀರು ತೆಗೆದು ಪಿಎಚ್ ಹನಿ ಹಾಕಿ ತೋರಿಸಿದೆ; ಪಿಎಚ್ ಇಳಿದಿದ್ದರೆ ಅದು ಹಳದಿ, ಏರಿದ್ದರೆ ಕೆಂಪು. ಎರಡರ ಬಣ್ಣವೂ ನಿಂಬೆಯ ಹಳದಿ. ಒಂದು ಬಕೆಟ್‌ಗೆ ಅವರೇ ಆರಿಸಿದ ಪರಸಿಯ ಚೂರುಗಳನ್ನು ಹಾಕಿದೆವು. ಇನ್ನೊಂದಕ್ಕೆ ಏನೂ ಇಲ್ಲ. ಬಟ್ಟೆ ಕಟ್ಟಿ, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿದೆವು. ಬಕೆಟ್‌ಗಳು ಗೌರಮ್ಮನ ದೇವರ ಕೋಣೆ ಸೇರಿದವು.

"ನಾ ಕಾಯ್ತೀನಿ," ಎಂದರು ಆ ತಾಯಿ. ಮಗನ ಕಡೆ ನೋಡಿ, "ನೀ ಸುದ್ದಾ ಒಳಗ ಬರಬ್ಯಾಡ. ನಿನ್ನ ಮ್ಯಾಲ ನನಗ ಅನುಮಾನ ಅದ" ಎಂದರು. ಸಾಬಣ್ಣನ ತುಟಿಯಲ್ಲಿ ಅಂದು ಮೊದಲ ಬಾರಿಗೆ ನಗುವಿನ ಎಳೆ ಕಂಡಿತು. ಶಿವರಾಜಪ್ಪನವರ ಮುಖ ನೋಡಿ ಕೂಡಲೇ ಅದು ಮಾಯವಾಯಿತು.

ಭಾನುವಾರ ಕೊಳದ ಸುತ್ತ ಖಣಿಯ ಜನ ಸೇರಿದರು. ಮುಕದ್ದಮ ಎಲ್ಲರಿಗಿಂತ ಮುಂದೆ ನಿಂತಿದ್ದ. ಸಾಬಣ್ಣನ ಅಣ್ಣ ಕಂಬಳಿ ಹೊದ್ದು, ಭಂಡಾರದ ಚೀಲವನ್ನು ಎದೆಗೆ ಅವುಚಿ ಹಿಡಿದು ಬಂದಿದ್ದ. ಯಾರ ಮುಖವನ್ನೂ ನೋಡಲಿಲ್ಲ. ಮೊಹಿಯುದ್ದೀನ್ ಸಾಹೇಬರೂ ಬಂದು ಬೇವಿನ ನೆರಳಿನಲ್ಲಿ ನಿಂತಿದ್ದರು. ಶಿವರಾಜಪ್ಪನವರು ಮುದ್ರೆಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಸರಿಯಿವೆ ಎಂದ ಮೇಲೆ ಬಿಚ್ಚಿದೆವು.

ಮೊದಲು ಕಲ್ಲಿಲ್ಲದ ನೀರು. ಹನಿ ಬಿದ್ದಾಗ ಬಣ್ಣ ಹಳದಿಯಿಂದ ತುಸುವೇ ಕಿತ್ತಳೆಯ ಕಡೆಗೆ ಸರಿದಿತ್ತು. ಜನ ಗುಜುಗುಜು ಮಾಡಿದರು.

"ಏನ್ರಿ, ಇಲ್ಲಿ ಸುದ್ದಾ ಏರ್ಯಾದಲ್ಲ!" ಎಂದ ಮುಕದ್ದಮ.

"ಇಷ್ಟು ಗಾಳಿಯ ಕೆಲಸ. ಬಟ್ಟೆ ದಾಟಿ ಗಾಳಿ ಆಡಿದರೂ ನೀರು ಇಷ್ಟು ಏರುತ್ತದೆ. ಮುಂದಿನದನ್ನು ನೋಡಿ."

ಕಲ್ಲಿನ ಬಕೆಟ್‌ನ ನೀರನ್ನು, ಅದೇ ನಳಿಕೆಯನ್ನು ತೊಳೆದು, ತುಂಬಿಸಿ ಹನಿ ಬಿಟ್ಟೆ. ಅದು ಕುಂಕುಮದ ಕೆಂಪಿಗೆ ತಿರುಗಿತು. ನಳಿಕೆಯನ್ನು ಶಿವರಾಜಪ್ಪನವರ ಕೈಗೇ ಕೊಟ್ಟೆ. ಅವರು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ತೋಳೇರಿಸಿ ಬಕೆಟ್‌ನಿಂದ ಒಂದು ಚೂರು ಎತ್ತಿ, ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದರು. ಕಲ್ಲಿನ ಭಾಷೆ ಅವರ ಹೆಬ್ಬೆರಳಿಗೆ ಗೊತ್ತಿತ್ತು. ಹೊಳಪು ಹೋಗಿ ಅದು ಒರಟಾಗಿತ್ತು.

"ಕಲ್ಲೇ ಅದ," ಎಂದರು. ದನಿ ಅವರಿಗಷ್ಟೇ ಕೇಳುವಂತಿತ್ತು.

ಸಾಬಣ್ಣನ ಅಣ್ಣ ಭಂಡಾರದ ಚೀಲ ಕಟ್ಟಿ ಹೊರಡಲು ತಿರುಗಿದ. ಗೌರಮ್ಮ ತಡೆದರು.

"ನಿಲ್ಲಪ್ಪ. ಆಣಿಗಿ ಅಂತ ತಂದ ಭಂಡಾರ ಆಣಿ ಇಲ್ದ ತಿರುಗಿ ಒಯ್ಯಬಾರದು, ಬೀರಪ್ಪ ಮುನೀತಾನ. ಶಿವಾ, ಮುಂದ ಬಾ."

"ನಾನಾ? ಅವ್ವಾ, ನಾ ಏನಂತ ಆಣಿ ಮಾಡ್ಲಿ?"

"ಸಾಬಣ್ಣ ಕದ್ದಿಲ್ಲಂತ. ಮಂದಿ ಮುಂದ ಅಂದಿದ್ದಿ, ಮಂದಿ ಮುಂದೇ ತಿರುಗಿ ತಗೋ. ನಾಳಿ ಯಾರದರೆ ಕುರಿ ಸತ್ತರ ನಿನ್ನ ಆಣೀಗೆ ಬರಲಿ, ಅವಂದಕ್ಕ ಬ್ಯಾಡ."

ಶಿವರಾಜಪ್ಪನವರು ಸುತ್ತ ನೆರೆದ ಜನರನ್ನೊಮ್ಮೆ ನೋಡಿದರು. ಅಷ್ಟು ಜನರ ಮುಂದೆ ಅವರು ಮನೆಯೊಳಗೆ ನಡೆದುಬಿಟ್ಟಿದ್ದರೂ ಯಾರೂ ತಡೆಯುತ್ತಿರಲಿಲ್ಲ. ಅವರು ಚಪ್ಪಲಿ ಬಿಟ್ಟರು, ಭಂಡಾರ ಮುಟ್ಟಿದರು. "ಸಾಬಣ್ಣ ನನ್ನ ಮನ್ಯಾಗಿಂದು ಏನೂ ಕದ್ದಿಲ್ಲ. ಕಳ್ಳ ಅಂದ ಮಾತು ಸುಳ್ಳು. ಬೀರಪ್ಪ ಕೇಳ್ಲಿ" ಎಂದರು. ಹಳದಿಯಾದ ಬೆರಳನ್ನು ಸಾಬಣ್ಣನ ಹಣೆಗೆ ಒತ್ತಿದರು. ಸಾಬಣ್ಣ ಅವರ ಕಾಲಿಗೆ ಬೀಳಲು ಬಾಗಿದ, ಗೌರಮ್ಮ ಗದರಿದರು: "ಇವತ್ತು ಬ್ಯಾಡಲೇ! ಇವತ್ತೊಂದು ದಿನ ನೆಟ್ಟಗ ನಿಲ್ಲು."

ಬೇವಿನ ನೆರಳಿನಿಂದ ಸಾಹೇಬರು ನನ್ನ ಬಳಿಗೆ ಬಂದು ಮೆಲ್ಲನೆ ಕೇಳಿದರು: "ಶಾಸ್ತ್ರೀಜಿ, ನಿಮಗ ಅವನ ಮ್ಯಾಲ ಅನುಮಾನ ಇತ್ತಾ?"

"ಇತ್ತು ಸಾಹೇಬ್, ಕಲ್ಲು ಕುದಿಯುವವರೆಗೆ."

"ಒಳ್ಳೇದು. ಇಲ್ದಿದ್ರ ನೀವು ಕ್ಯಾನು ತೆರೀತಿರ್ಲಿಲ್ಲ."

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಕೊಳವನ್ನು ಬರಿದು ಮಾಡಿಸಿ, ಮೊದಲ ಪರಸಿಗಳನ್ನು ಎಬ್ಬಿಸಿ, ತೊಳೆದು, ಪಡಸಾಲೆಗೆ ಹಾಸಿಸಿದರು. ಒರಟಾದ ಕಲ್ಲುಗಳನ್ನು ಉಜ್ಜಿ ಮತ್ತೆ ಹೊಳಪು ಕೊಡಲು ಮುಕದ್ದಮ ಮುಂದಾದಾಗ ಶಿವರಾಜಪ್ಪನವರು ಬೇಡವೆಂದರಂತೆ. ಕೊಳಕ್ಕೆ ಟೈಲ್ಸ್ ಬಂದವು. ಪರಸಿಯವರ ಮನೆಯ ಟೈಲ್ಸ್ ನೋಡಲು ಊರು ಬಂದಿತು, ನಕ್ಕಿತು, ಸ್ವಲ್ಪ ದಿನಗಳಲ್ಲಿ ಮರೆಯಿತು. ನೀರು ಹದಕ್ಕೆ ಬಂದು ನಿಂತಿತು. ಸಾಬಣ್ಣನ ಮಗಳ ಮದುವೆಯಾಯಿತು. ಶಿವರಾಜಪ್ಪನವರು ಕುಟುಂಬ ಸಮೇತ ಹೋಗಿ ಮೊದಲ ಸಾಲಿನಲ್ಲಿ ಕುಳಿತಿದ್ದರು.

ಕಿರಿಯರೇ, ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಅನಂತರವೂ ನಿವೃತ್ತನಾಗುವವರೆಗೆ ಆ ಮನೆಗೆ ಹೋಗುತ್ತಿದ್ದೆ. ಆಸಿಡ್‌ನ ಅಗತ್ಯ ಈಗ ಅಪರೂಪಕ್ಕೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಸಾಬಣ್ಣ ಉಗ್ರಾಣದಿಂದ ಕ್ಯಾನು ತರುತ್ತಿದ್ದ. ಕೊಳದ ಬಳಿಗೆ ನಡೆಯುವ ಮೊದಲು ಬಾಗಿಲಿನಲ್ಲಿದ್ದ ಆ ಉಳಿಕೆಯ ಪರಸಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕಡ್ಡಿ ಅದ್ದಿ ಒಂದು ಹನಿ ಬಿಡುತ್ತಿದ್ದ. ಭುಸ್ಸೆನ್ನುತ್ತಿತ್ತು.

"ನೋಡ್ರಿ ಶಾಸ್ತ್ರಿಗೋಳೇ, ಅಸಲಿ ಅದ."

"ಯಾರು ಕೇಳಿದರು ಸಾಬಣ್ಣ? ಬಿಡು."

"ಕೇಳಿಲ್ರಿ. ಆದರ ನೋಡ್ರಿ."

ಶಿವರಾಜಪ್ಪನವರೇ ಒಮ್ಮೆ ಎದುರು ನಿಂತು, "ಬ್ಯಾಡೋ ಸಾಬಣ್ಣ, ನನ್ನ ಮಾರಿ ಮ್ಯಾಲ ಹನಿ ಬಿಟ್ಟಂಗ ಆಗ್ತದ" ಎಂದರು. ಸಾಬಣ್ಣ ಆಗಲಿ ಎಂದ. ಮುಂದಿನ ಸಲವೂ ಹನಿ ಬಿಟ್ಟ. ಆ ಕಲ್ಲಿನ ತುಂಬ ಬಿಳಿಯ ಕಲೆಗಳು ಒತ್ತೊತ್ತಾಗಿ ಕೂಡಿದವು. ನೀರಿನಲ್ಲಿ ಏರಿದ್ದನ್ನು ಇಳಿಸುವ ವಿದ್ಯೆ ನನಗೆ ಗೊತ್ತಿತ್ತು. ಒಬ್ಬನ ಮೇಲೆ ಬಿದ್ದ ಶಂಕೆ ಅವನೊಳಗೆ ಇಳಿದು ಕುಳಿತ ಮೇಲೆ ಅದನ್ನು ಹೊರತೆಗೆಯುವ ಹನಿ ನನ್ನ ಚೀಲದಲ್ಲಿ ಇರಲಿಲ್ಲ. ಆದ್ದರಿಂದ ನೀರನ್ನು ಶಂಕಿಸಿ, ಪುಡಿಯನ್ನು ಶಂಕಿಸಿ, ಯಂತ್ರವನ್ನೂ ನಿಮ್ಮ ಕಣ್ಣನ್ನೂ ಶಂಕಿಸಿ, ಪೂಜೆಗೊಂಡ ಕಲ್ಲನ್ನೂ ಬಿಡಬೇಡಿ. ಮನುಷ್ಯನ ಸರದಿಯನ್ನು ಕೊನೆಗಿಡಿ. ಅದು ಬಂದರೂ ಮನಸ್ಸಿನಲ್ಲೇ ಇರಲಿ, ಪರೀಕ್ಷೆ ಮುಗಿಯುವವರೆಗೆ ಬಾಯಿಗೆ ಬರದಿರಲಿ.

ಜೇಬು ನೋಡಲು ಕಲಿಸಿದ ಸಾಹೇಬರಿಗೆ ದೀರ್ಘಾಯುಷ್ಯವಾಗಲಿ. ಸೊನ್ನೆಯನ್ನು ನಂಬಿ ಬೈಸಿಕೊಂಡ ತುಕಾರಾಮನಿಗೆ, ಬೈದ ಆ ತಾಯಿಗೆ, ಇಬ್ಬರಿಗೂ ಒಳಿತಾಗಲಿ. ಕಂಗ್ಟಿಯ ದಾರಿಯ ಅಣ್ಣತಮ್ಮಂದಿರ ಬೋರು ಬತ್ತದಿರಲಿ, ಮನಸ್ಸು ತಿಳಿಯಾಗಲಿ. ಕೇಳಬೇಕಾದ್ದನ್ನು ಕೇಳಿದ ಗೌರಮ್ಮನ ಜಪ ಫಲಿಸಲಿ. ಚಪ್ಪಲಿ ಬಿಟ್ಟು ನಿಂತ ಶಿವರಾಜಪ್ಪನವರ ಖಣಿಯಲ್ಲಿ ಒಳ್ಳೆಯ ಕಲ್ಲು ಏಳಲಿ. ಧಾರೂರಿನ ಹಟ್ಟಿಯಲ್ಲಿ ಕುರಿಗಳು ತುಂಬಲಿ. ಸಾಬಣ್ಣ ಒಂದು ದಿನ ಕ್ಯಾನು ಹಿಡಿದು, ಬಾಗಿಲಿನ ಆ ಕಲ್ಲನ್ನು ದಾಟಿ, ನಿಲ್ಲದೆ, ಕುಳಿತುಕೊಳ್ಳದೆ, ನೇರವಾಗಿ ನೀರಿನ ಬಳಿಗೆ ನಡೆಯುವಂತಾಗಲಿ.